ಕಾಡಿನ ಇಂಗಾಲ ಅಳೆಯುವ ಬಗೆ: ಟೇಪಿನಿಂದ ಉಪಗ್ರಹದವರೆಗೆ

ಯಾವ ಉಪಗ್ರಹಕ್ಕೂ ಇಂಗಾಲ ಕಾಣುವುದಿಲ್ಲ. ಅದಕ್ಕೆ ಸಿಗುವುದು ಎಲೆಯಿಂದ ಮರಳಿದ ಬೆಳಕು, ಕೊಂಬೆಗೆ ಬಡಿದು ಹಿಂದಿರುಗಿದ ರೇಡಾರ್ ಅಲೆ, ಇಲ್ಲವೇ ಲೇಸರ್ ಕಿರಣ ನೆಲ ಮುಟ್ಟಿ ಬರಲು ಹಿಡಿದ ಸಮಯ. ಆ ಸಂಕೇತವನ್ನು ‘ಹೆಕ್ಟೇರಿಗೆ ಇಷ್ಟು ಟನ್’ ಎಂಬ ಮಾತಿಗೆ ಇಳಿಸುವುದು ಕಾಡಿನೊಳಗೆ ಟೇಪು ಸುತ್ತಿ ಅಳೆದ ಮರಗಳು. ಟೇಪು ತಪ್ಪಿದರೆ ನಕ್ಷೆಯ ಪ್ರತಿ ಪಿಕ್ಸೆಲ್ಲೂ ಅದೇ ತಪ್ಪನ್ನು ಹೊತ್ತಿರುತ್ತದೆ, ಅದೂ ಚೆಂದದ ಬಣ್ಣದಲ್ಲಿ. ಅದಕ್ಕೇ ಇಲ್ಲಿ ಅರ್ಧದಷ್ಟು ಜಾಗ ನೆಲದ ಕೆಲಸಕ್ಕೆ ಹೋಗಿದೆ. ಕಂಪ್ಯೂಟರ್ ಮುಂದೆ ಕೂರುವ ಅವಸರವಿದ್ದವರು ಅದನ್ನು ಹಾರಿಸಿ ಓದಬಹುದು. ಮಾಡೆಲ್ ಕೈಕೊಟ್ಟಾಗ ಹೇಗೂ ಅಲ್ಲಿಗೇ ಮರಳಬೇಕಾಗುತ್ತದೆ.

ದಾಸ್ತಾನೋ, ಹರಿವೋ?

ಕೆಲಸ ಶುರುಮಾಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಬೇಕಿರುವುದು ಕಣಜದಲ್ಲಿ ಈಗ ಎಷ್ಟಿದೆ ಎಂಬ ಲೆಕ್ಕವೋ, ವರ್ಷಕ್ಕೆ ಎಷ್ಟು ಒಳಬಂದು ಎಷ್ಟು ಹೊರಹೋಗುತ್ತದೆ ಎಂಬ ಲೆಕ್ಕವೋ? ಮೊದಲನೆಯದು ದಾಸ್ತಾನು, ಎರಡನೆಯದು ಹರಿವು. ಎರಡಕ್ಕೂ ಉಪಕರಣ, ಅವಧಿ, ಏಕಮಾನ ಎಲ್ಲವೂ ಬೇರೆ.

ದಾಸ್ತಾನನ್ನು ಐದು ಪಾಲು ಮಾಡುವುದು ರೂಢಿ: ನೆಲದ ಮೇಲಿನ ಬಯೋಮಾಸ್, ಬೇರು, ಸತ್ತ ಮರ, ತರಗೆಲೆ, ಮಣ್ಣು. ರಿಮೋಟ್ ಸೆನ್ಸಿಂಗ್ (ಉಪಗ್ರಹದಂಥವುಗಳಿಂದ ದೂರದಿಂದಲೇ ಅಳೆಯುವುದು) ಸ್ವಲ್ಪಮಟ್ಟಿಗಾದರೂ ನೇರವಾಗಿ ತಲುಪುವುದು ಮೊದಲನೆಯದನ್ನು ಮಾತ್ರ. ಉಳಿದ ನಾಲ್ಕು ನೆಲದ ಅಳತೆಯಿಂದಲೋ ಅನುಪಾತದಿಂದಲೋ ಬರಬೇಕು.

ಏಕಮಾನದ ಗೊಂದಲವನ್ನೂ ಈಗಲೇ ಮುಗಿಸಿಬಿಡಿ. ಬಯೋಮಾಸ್ ಎಂದರೆ ಮರಗಿಡಗಳ ಒಣತೂಕ. ಅದನ್ನು 0.47ರಿಂದ ಗುಣಿಸಿದರೆ ಇಂಗಾಲ; ಇಂಗಾಲವನ್ನು 44/12, ಅಂದರೆ 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್. ಹೆಕ್ಟೇರಿಗೆ 200 ಟನ್ ಬಯೋಮಾಸ್ ಎಂದರೆ 94 ಟನ್ ಇಂಗಾಲ, ಸುಮಾರು 345 ಟನ್ ಡೈಆಕ್ಸೈಡ್. ಮೂರೂ ಒಂದೇ ಕಾಡಿನ ಸಂಖ್ಯೆಗಳು. ಕೋಷ್ಟಕದ ತಲೆಬರಹದಲ್ಲಿ ಬರೀ ‘ಟನ್/ಹೆ.’ ಎಂದು ಬರೆದವರು ಮುಂದೆ ಓದುವವರಿಗೆ ದ್ರೋಹ ಮಾಡಿದಂತೆಯೇ.

ಪ್ಲಾಟ್: ಎಷ್ಟು, ಎಲ್ಲಿ, ಯಾವ ಗಾತ್ರ

ಪ್ಲಾಟು ಎಂದರೆ ಅಳತೆಗೆಂದು ಗುರುತುಹಾಕಿಕೊಂಡ ಕಾಡಿನ ತುಂಡು; ಅವುಗಳ ಸಂಖ್ಯೆಯನ್ನು ಅಂದಾಜಿನಲ್ಲಿ ಹೇಳಬೇಡಿ. ಮೊದಲು ಹತ್ತು ಪ್ಲಾಟುಗಳನ್ನು ಅಳೆದು, ಅವುಗಳ ಬಯೋಮಾಸ್‌ನ ಪ್ರಮಾಣಿತ ವಿಚಲನೆಯನ್ನು ಸರಾಸರಿಯ ಶೇಕಡಾವಾರಾಗಿ ತೆಗೆಯಿರಿ. ಅದನ್ನು 2ರಿಂದ ಗುಣಿಸಿ, ಒಪ್ಪಬಹುದಾದ ದೋಷದ ಶೇಕಡಾದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ. ಏರಿಳಿತ ಶೇ 40 ಇದ್ದು, ಶೇ 10 ದೋಷ ಸಾಕೆಂದರೆ (2 × 40 ÷ 10)² = 64 ಪ್ಲಾಟುಗಳು. ದೋಷ ಶೇ 5ಕ್ಕೆ ಇಳಿಯಬೇಕೆಂದರೆ 256. ನಿಖರತೆ ಇಮ್ಮಡಿಯಾಗಲು ದುಡಿಮೆ ನಾಲ್ಕು ಪಟ್ಟು. ಕಾಡನ್ನು ಮೊದಲೇ ದಟ್ಟ, ವಿರಳ, ಎಲೆಯುದುರುವ, ನೆಡುತೋಪು ಎಂದು ಪದರ ಮಾಡಿಕೊಂಡರೆ ಪದರದೊಳಗಿನ ಏರಿಳಿತ ಇಳಿಯುತ್ತದೆ, ಪ್ಲಾಟುಗಳೂ ಉಳಿಯುತ್ತವೆ. ಜಾಗವನ್ನು ಮಾತ್ರ ಕಂಪ್ಯೂಟರೇ ಆರಿಸಬೇಕು. ದಾರಿ ಪಕ್ಕದ ಪ್ಲಾಟು ಹಾಕಲು ಸುಲಭ, ಆದರೆ ಮರ ಕಡಿಯುವವರಿಗೂ ಅದೇ ಜಾಗ ಸುಲಭ.

ಗಾತ್ರದ ವಿಷಯದಲ್ಲಿ, ಉಪಗ್ರಹಕ್ಕೆ ಜೋಡಿಸುವ ಉದ್ದೇಶವಿದ್ದರೆ ದೊಡ್ಡದೇ ಮೇಲು. 0.1 ಹೆಕ್ಟೇರಿನ ವೃತ್ತಕ್ಕೆ 17.84 ಮೀಟರ್ ತ್ರಿಜ್ಯ. ಅಂಚಿನ ಮರಗಳ ನೆತ್ತಿ ಹೊರಗೆ ಚಾಚಿರುತ್ತದೆ, ಹೊರಗಿನ ಮರಗಳ ಕೊಂಬೆ ಒಳಗಿರುತ್ತದೆ. ಟೇಪು ಎಣಿಸುವುದು ಬುಡವನ್ನು, ಉಪಗ್ರಹ ನೋಡುವುದು ನೆತ್ತಿಯನ್ನು. ಪ್ಲಾಟು ಚಿಕ್ಕದಾದಷ್ಟೂ ಈ ಹೊಂದಾಣಿಕೆ ಕೆಡುತ್ತದೆ. ಉಷ್ಣವಲಯದ ದಟ್ಟ ಕಾಡಿನಲ್ಲಿ ಒಂದು ಹೆಕ್ಟೇರ್ ಪ್ಲಾಟು ದುಬಾರಿಯಾದರೂ ಕೊಟ್ಟ ಶ್ರಮಕ್ಕೆ ಮೋಸವಿಲ್ಲ.

ಇಳಿಜಾರಿನಲ್ಲಿ ಎಡವುವವರೇ ಹೆಚ್ಚು. ಹೆಕ್ಟೇರ್ ಎನ್ನುವುದು ಸಮತಲದ ಅಳತೆ. ಟೇಪು ನೆಲಕ್ಕಂಟಿ ಹೋಗುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ, ಇಳಿಜಾರಿನ ದಿಕ್ಕಿಗೆ 17.84 ಮೀಟರನ್ನು ಕೊಸೈನ್ 30ರಿಂದ, ಅಂದರೆ 0.866ರಿಂದ ಭಾಗಿಸಿ 20.60 ಮೀಟರ್ ಎಳೆಯಬೇಕು. ಅಡ್ಡ ದಿಕ್ಕಿಗೆ ತಿದ್ದುಪಡಿ ಬೇಡ. ಇದನ್ನು ಮರೆತರೆ ಪ್ಲಾಟು ಶೇ 13ರಷ್ಟು ಕಿರಿದಾಗುತ್ತದೆ. ಬೆಟ್ಟದ ಕಾಡುಗಳಿಗೆಲ್ಲ ಬಯೋಮಾಸ್ ಕಡಿಮೆ ಎಂಬ ಹುಸಿ ನಿಯಮವೊಂದು ನಿಮ್ಮ ದತ್ತಾಂಶದಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ.

ದಟ್ಟ ನೆತ್ತಿಯ ಕೆಳಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ 5–10 ಮೀಟರ್ ತಪ್ಪುವುದು ಮಾಮೂಲು. ಕೇಂದ್ರಬಿಂದುವಿನಲ್ಲಿ ಸಾಧನವನ್ನಿಟ್ಟು, ಮರ ಅಳೆಯುವಷ್ಟೂ ಹೊತ್ತು ಅದು ಸ್ಥಾನ ದಾಖಲಿಸುತ್ತಿರಲಿ. ಆಮೇಲೆ ಸರಾಸರಿ ತೆಗೆಯಿರಿ.

ಮರಕ್ಕೆ ಟೇಪು ಸುತ್ತುವುದು

ಅಳತೆಯ ಎತ್ತರ ನೆಲದಿಂದ 1.3 ಮೀಟರ್, ಇಳಿಜಾರಿನಲ್ಲಿ ಮೇಲ್ಬದಿಯಿಂದ. ಅಷ್ಟೇ ಉದ್ದದ ಕೋಲೊಂದನ್ನು ಕತ್ತರಿಸಿಟ್ಟುಕೊಂಡು ಪ್ರತಿ ಮರಕ್ಕೂ ಒರಗಿಸಿ. ಎದೆಮಟ್ಟ ಎಂದು ಅಂದಾಜಿಸಿದರೆ ಅಳೆಯುವವರ ಎತ್ತರವೇ ದತ್ತಾಂಶಕ್ಕೆ ಸೇರುತ್ತದೆ. ಕೋಲನ್ನು ತರಗೆಲೆಯ ಮೇಲೆ ನಿಲ್ಲಿಸದೆ, ತರಗೆಲೆ ಸರಿಸಿ ಮಣ್ಣಿಗೆ ತಾಗಿಸಿ. ಮರ ವಾಲಿದ್ದರೆ ವಾಲಿದ ಬದಿಯಲ್ಲಿ, ಕಾಂಡದ ಗುಂಟ 1.3 ಮೀಟರ್ ಅಳೆದು ಟೇಪನ್ನು ಕಾಂಡಕ್ಕೆ ಲಂಬವಾಗಿ ಸುತ್ತಿ. ಬಳ್ಳಿ ಸುತ್ತಿಕೊಂಡಿದ್ದರೆ ಟೇಪನ್ನು ಬಳ್ಳಿಯ ಅಡಿಯಿಂದ ತೂರಿಸಿ. ಹಲಗೆಯಂತೆ ಚಾಚಿದ ಆನಿಕೆ ಬೇರುಗಳಿದ್ದರೆ ಅವು ಮುಗಿದ ಜಾಗದಿಂದ 50 ಸೆಂಟಿಮೀಟರ್ ಮೇಲೆ ಅಳೆದು, ಆ ಎತ್ತರವನ್ನು ಬರೆದಿಡಿ. ಬರೆದಿಡದಿದ್ದರೆ ಐದು ವರ್ಷದ ಬಳಿಕ ಬರುವವರು ಇನ್ನೆಲ್ಲೋ ಅಳೆಯುತ್ತಾರೆ, ಮರ ‘ತೆಳ್ಳಗಾಗಿರುತ್ತದೆ’.

ಮತ್ತೆ ಬಂದು ಅಳೆಯುವ ಪ್ಲಾಟಾದರೆ ಅಳತೆಯ ಜಾಗಕ್ಕೆ ಬಣ್ಣದ ಗೆರೆ ಹಾಕಿ, ಸಂಖ್ಯೆಯ ತಗಡನ್ನು ಅದಕ್ಕಿಂತ 30 ಸೆಂಟಿಮೀಟರ್ ಮೇಲೆ, ಅಂದರೆ 1.6 ಮೀಟರಿನಲ್ಲಿ, ಅಲ್ಯೂಮಿನಿಯಂ ಮೊಳೆಯಿಂದ ಹೊಡೆಯಿರಿ. ಮೊಳೆಯ ಸುತ್ತ ಕಾಂಡ ಉಬ್ಬುತ್ತದೆ. ಅಳತೆಯ ಗೆರೆಯಲ್ಲೇ ಹೊಡೆದರೆ ಆ ಉಬ್ಬೂ ಬೆಳವಣಿಗೆಯ ಲೆಕ್ಕಕ್ಕೆ ಬೀಳುತ್ತದೆ. ಮೊಳೆಯನ್ನು ಪೂರ್ತಿ ಒಳಗೆ ಹೊಡೆಯದೆ ತಲೆಯನ್ನು ಸ್ವಲ್ಪ ಹೊರಗುಳಿಸಿ. ಇಲ್ಲದಿದ್ದರೆ ಬೆಳೆಯುವ ಮರ ತಗಡನ್ನೇ ನುಂಗುತ್ತದೆ.

ಈಗ ಸೂತ್ರ. ಉಷ್ಣವಲಯದ ಕಾಡುಗಳಿಗೆ ಹೆಚ್ಚು ಬಳಕೆಯಲ್ಲಿರುವುದು 2014ರಲ್ಲಿ ಶಾವ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 58 ತಾಣಗಳಲ್ಲಿ ಕಡಿದು ತೂಗಿದ 4,004 ಮರಗಳ ಮೇಲೆ ಕಟ್ಟಿದ್ದು:

ಬಯೋಮಾಸ್ = 0.0673 × (ಸಾಂದ್ರತೆ × ವ್ಯಾಸ² × ಎತ್ತರ)^0.976

ಉತ್ತರ ಕಿಲೋಗ್ರಾಂನಲ್ಲಿ. ಸಾಂದ್ರತೆ ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ, ವ್ಯಾಸ ಸೆಂಟಿಮೀಟರಿನಲ್ಲಿ, ಎತ್ತರ ಮೀಟರಿನಲ್ಲಿ. ಒಂದು ಮರವನ್ನು ಹಿಡಿದು ನೋಡೋಣ: ವ್ಯಾಸ 40, ಎತ್ತರ 25, ಸಾಂದ್ರತೆ 0.6. ಆವರಣದೊಳಗಿನ ಗುಣಲಬ್ಧ 24,000. ಅದರ 0.976 ಘಾತ ಸುಮಾರು 18,840. ಬಯೋಮಾಸ್ 1,268 ಕಿಲೋ, ಇಂಗಾಲ ಸುಮಾರು 596 ಕಿಲೋ.

ಅದೇ ಮರದ ಮೇಲೆ ತಪ್ಪುಗಳನ್ನೂ ಮಾಡಿ ನೋಡಿ. ವ್ಯಾಸ ಒಂದು ಸೆಂಟಿಮೀಟರ್ ಹೆಚ್ಚಾದರೆ ಉತ್ತರ ಶೇ 5 ಏರುತ್ತದೆ. ಎತ್ತರ ಶೇ 10 ತಪ್ಪಿದರೆ ಉತ್ತರವೂ ಹೆಚ್ಚುಕಡಿಮೆ ಶೇ 10 ತಪ್ಪುತ್ತದೆ. ಸುತ್ತಳತೆಯನ್ನು ವ್ಯಾಸವೆಂದು ಬರೆದುಕೊಂಡರೆ? 9.3 ಪಟ್ಟು. ವ್ಯಾಸದ ಟೇಪಿನ ಒಂದು ಮುಖದಲ್ಲಿ ಸೆಂಟಿಮೀಟರ್, ಇನ್ನೊಂದರಲ್ಲಿ ಪೈ ಗುಣಿತ ಗೆರೆಗಳಿರುತ್ತವೆ. ಸುಸ್ತಾದ ಮಧ್ಯಾಹ್ನದಲ್ಲಿ ಮುಖ ತಿರುಗಿಹೋಗುವುದು ತೀರಾ ಸಹಜ. ಇಡೀ ಪ್ಲಾಟಿನಲ್ಲಿ ಹೀಗಾದರೆ ಗೊತ್ತಾಗುತ್ತದೆ. ಮೂರೇ ಮರಗಳಲ್ಲಾದರೆ ಅವು ‘ದೈತ್ಯ ಮರ’ಗಳಾಗಿ ಸರಾಸರಿಯಲ್ಲಿ ಕೂತುಬಿಡುತ್ತವೆ. ಸಂಜೆ ಶಿಬಿರಕ್ಕೆ ಬಂದೊಡನೆ ವ್ಯಾಸ ಮತ್ತು ಎತ್ತರದ ಚುಕ್ಕಿಚಿತ್ರ ಹಾಕಿ: 120 ಸೆಂಟಿಮೀಟರ್ ವ್ಯಾಸಕ್ಕೆ 18 ಮೀಟರ್ ಎತ್ತರದ ಮರ ಕಂಡರೆ ಮರುದಿನವೇ ಹೋಗಿ ನೋಡಬಹುದು. ಎರಡು ತಿಂಗಳ ನಂತರ ಕಂಡರೆ ಏನೂ ಮಾಡಲಾಗದು.

ಎತ್ತರ ಅಳೆಯುವಾಗ ಕನಿಷ್ಠ ಮರದಷ್ಟೇ ದೂರ ನಿಲ್ಲಿ. ಹತ್ತಿರ ನಿಂತರೆ ಕಾಣುವುದು ತುದಿಯಲ್ಲ, ಪಕ್ಕಕ್ಕೆ ಚಾಚಿದ ಕೊಂಬೆ. ಅದನ್ನೇ ತುದಿಯೆಂದು ಭಾವಿಸಿ ಕೋನದ ಲೆಕ್ಕ ಹಾಕಿದರೆ ಎತ್ತರ ಜಾಸ್ತಿ ಬರುತ್ತದೆ. ದಟ್ಟ ಕಾಡಿನಲ್ಲಿ ಎಲ್ಲ ಮರಗಳ ಎತ್ತರ ಅಳೆಯುವುದು ಆಗದ ಮಾತು. ಪ್ಲಾಟಿಗೆ 40–50 ಮರಗಳನ್ನು ಎಲ್ಲ ದಪ್ಪಗಳಿಂದಲೂ ಆರಿಸಿ ಚೆನ್ನಾಗಿ ಅಳೆದು, ವ್ಯಾಸದಿಂದ ಎತ್ತರ ಹೇಳುವ ಸ್ಥಳೀಯ ಸೂತ್ರ ಕಟ್ಟಿಕೊಳ್ಳಿ.

ಸಾಂದ್ರತೆ ಎಂದರೆ ಒಲೆಯಲ್ಲಿ ಒಣಗಿಸಿದ ತೂಕವನ್ನು ಹಸಿ ಗಾತ್ರದಿಂದ ಭಾಗಿಸಿದ್ದು. ಮರದ ದಿಮ್ಮಿಯ ಕೋಷ್ಟಕಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 12 ತೇವಾಂಶದಲ್ಲಿ ಅಳೆದ ಸಾಂದ್ರತೆ. ಅದನ್ನು ಸುಮಾರು 0.83ರಿಂದ ಗುಣಿಸದೆ ಬಳಸಿದರೆ ಬಯೋಮಾಸ್ ಉಬ್ಬುತ್ತದೆ. ಪ್ರಭೇದದ ಮೌಲ್ಯ ಸಿಗದಿದ್ದರೆ ಕುಲದ ಸರಾಸರಿ, ಅದೂ ಇಲ್ಲದಿದ್ದರೆ ಕುಟುಂಬದ್ದು, ಕೊನೆಗೆ ಪ್ಲಾಟಿನ ಸರಾಸರಿ. ಸಮಶೀತೋಷ್ಣ ಕಾಡಿಗೆ, ಪೈನ್ ತೋಪಿಗೆ, ತಾಳೆ ಜಾತಿಯ ಮರಗಳಿಗೆ ಮೇಲಿನ ಸೂತ್ರ ಸಲ್ಲದು. ಅವುಗಳದೇ ಸೂತ್ರ ಹುಡುಕಿ.

ಬೇರು, ಬಿದ್ದ ಮರ, ಮಣ್ಣು

ಬೇರನ್ನು ಅಗೆದು ತೂಗುವವರು ವಿರಳ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿರುವ ಅನುಪಾತಗಳೇ (ಬೇರಿನ ತೂಕ ÷ ನೆಲದ ಮೇಲಿನ ತೂಕ) ಸಾಮಾನ್ಯ ಆಸರೆ: ಉಷ್ಣವಲಯದ ಮಳೆಕಾಡಿಗೆ 0.37, ತೇವಭರಿತ ಎಲೆಯುದುರುವ ಕಾಡಿಗೆ, ನೆಲದ ಮೇಲಿನ ಬಯೋಮಾಸ್ ಹೆಕ್ಟೇರಿಗೆ 125 ಟನ್ನಿಗಿಂತ ಕಡಿಮೆಯಿದ್ದರೆ 0.20, ಹೆಚ್ಚಿದ್ದರೆ 0.24.

ಬಿದ್ದ ಮರಕ್ಕೆ ಗೆರೆ ದಾಟುವ ವಿಧಾನ ಸಲೀಸು. ನೇರ ಗೆರೆ ಎಳೆದು, ಅದನ್ನು ದಾಟುವ, 10 ಸೆಂಟಿಮೀಟರಿಗಿಂತ ದಪ್ಪದ ಪ್ರತಿ ದಿಮ್ಮಿಯ ವ್ಯಾಸವನ್ನು ದಾಟುವ ಜಾಗದಲ್ಲೇ ಅಳೆಯಿರಿ. ವ್ಯಾಸಗಳ ವರ್ಗಗಳ ಮೊತ್ತವನ್ನು ಪೈ ವರ್ಗದಿಂದ (9.87) ಗುಣಿಸಿ, ಗೆರೆಯ ಉದ್ದದ ಎಂಟು ಪಟ್ಟಿನಿಂದ ಭಾಗಿಸಿದರೆ ಹೆಕ್ಟೇರಿಗೆ ಘನಮೀಟರ್ ಸಿಗುತ್ತದೆ. 100 ಮೀಟರ್ ಗೆರೆಯಲ್ಲಿ 12, 20, 35 ಸೆಂಟಿಮೀಟರಿನ ಮೂರು ದಿಮ್ಮಿ ಸಿಕ್ಕರೆ: 1,769 × 9.87 ÷ 800 = 21.8 ಘನಮೀಟರ್. ದಿಮ್ಮಿಗೆ ಕತ್ತಿಯಿಂದ ಕುಕ್ಕಿ ನೋಡಿ. ಕತ್ತಿ ಪುಟಿದರೆ ಗಟ್ಟಿ, ಸ್ವಲ್ಪ ಇಳಿದರೆ ನಡುವಿನದು, ಹೂತುಹೋದರೆ ಕೊಳೆತದ್ದು. ಮೂರಕ್ಕೂ ಬೇರೆಬೇರೆ ಸಾಂದ್ರತೆ ಬಳಸಬೇಕು.

ಮಣ್ಣಿನ ಲೆಕ್ಕ ನೋಡಲು ಸರಳ: ಇಂಗಾಲದ ಶೇಕಡಾ × ಸಾಂದ್ರತೆ × ಸೆಂಟಿಮೀಟರಿನಲ್ಲಿ ಆಳ. ಶೇ 2, 1.2, 30 ಎಂದರೆ ಹೆಕ್ಟೇರಿಗೆ 72 ಟನ್. ಕಲ್ಲು ಶೇ 15 ಗಾತ್ರವಿದ್ದರೆ 61ಕ್ಕೆ ಇಳಿಯಿತು. ಮೋಸ ಅಡಗಿರುವುದು ಹೋಲಿಕೆಯಲ್ಲಿ. ಕಾಡು ಕಡಿದ ಮೇಲೆ ಯಂತ್ರ, ದನಕರು ತುಳಿದು ಮಣ್ಣು ಬಿಗಿಯಾಗಿ ಸಾಂದ್ರತೆ 1.4 ಆಯಿತೆನ್ನಿ. ಶೇಕಡಾ ಬದಲಾಗದಿದ್ದರೂ ಲೆಕ್ಕ 84 ಟನ್ ತೋರಿಸುತ್ತದೆ. ಕಾಡು ಹೋಗಿ ಮಣ್ಣಿಗೆ 12 ಟನ್ ಇಂಗಾಲ ಸೇರಿತಂತೆ! ವಾಸ್ತವದಲ್ಲಿ ಆ 30 ಸೆಂಟಿಮೀಟರಿನೊಳಗೆ ಕೆಳಗಿನ ಮಣ್ಣೂ ಬಂದು ಸೇರಿದೆ, ಅಷ್ಟೇ. ಸಮ ಆಳದ ಬದಲು ಸಮ ತೂಕದ ಮಣ್ಣನ್ನು ಹೋಲಿಸಿ. ಅದಕ್ಕಾಗಿ 30ಕ್ಕಿಂತ ಆಳಕ್ಕೂ ಒಂದು ಪದರ ತೆಗೆದಿಡಿ. ಸುಣ್ಣದ ಅಂಶವಿರುವ ಮಣ್ಣಾದರೆ ಆಮ್ಲ ಹಾಕಿ ಅಜೈವಿಕ ಇಂಗಾಲವನ್ನು ಕಳೆಯದೆ ಯಂತ್ರಕ್ಕೆ ಹಾಕಬೇಡಿ.

ಮೇಲಿನಿಂದ ನೋಡುವ ಕಣ್ಣುಗಳು

ಬೆಳಕಿನ ಸೆನ್ಸರ್‌ಗಳು, ಅಂದರೆ ಲ್ಯಾಂಡ್‌ಸ್ಯಾಟ್ (ಪಿಕ್ಸೆಲ್ 30 ಮೀಟರ್), ಸೆಂಟಿನೆಲ್-2 (10 ಮೀಟರ್), ನೋಡುವುದು ಎಲೆಯನ್ನು. ನೆಲದ ಒಂದು ಚದರ ಮೀಟರಿನ ಮೇಲೆ ಮೂರು ನಾಲ್ಕು ಚದರ ಮೀಟರ್ ಎಲೆ ತುಂಬಿತೆಂದರೆ ಹಸಿರಿನ ಸೂಚ್ಯಂಕವಾದ ಎನ್‌ಡಿವಿಐ ಅಲ್ಲಿಗೇ ನಿಂತುಬಿಡುತ್ತದೆ; ಹತ್ತು ವರ್ಷದ ಮರುಬೆಳೆಯ ಪೊದೆಗಾಡೂ ಮುನ್ನೂರು ವರ್ಷದ ಹಳೆಗಾಡೂ ಒಂದೇ ಹಸಿರು. ಎಲ್ಲಿ ಕಾಡು ಹೋಯಿತು, ಯಾವಾಗ ಹೋಯಿತು ಎಂದು ಹೇಳುವುದರಲ್ಲಿ ಮಾತ್ರ ಇವನ್ನು ಮೀರಿಸಿದ್ದಿಲ್ಲ. 30 ಮೀಟರಿನ ಲ್ಯಾಂಡ್‌ಸ್ಯಾಟ್ ಸಾಲು 1980ರ ದಶಕದಿಂದಲೂ ಇದೆ.

ರೇಡಾರ್ ಮೋಡ ತೂರಿ ನೋಡುತ್ತದೆ. ಅಲೆ ಉದ್ದವಾದಷ್ಟೂ ಕಾಡಿನೊಳಕ್ಕೆ ಇಳಿಯುತ್ತದೆ. ಸೆಂಟಿನೆಲ್-1ರ ಸಿ-ಬ್ಯಾಂಡ್ ಅಲೆ 5.6 ಸೆಂಟಿಮೀಟರ್, ಎಲೆ, ಸಣ್ಣ ರೆಂಬೆಗಳಲ್ಲೇ ಚದುರುತ್ತದೆ, ಹೆಕ್ಟೇರಿಗೆ 50 ಟನ್ ಆಸುಪಾಸಿನಲ್ಲೇ ಮಂಕಾಗುತ್ತದೆ. 24 ಸೆಂಟಿಮೀಟರ್ ಸುಮಾರಿನ ಎಲ್-ಬ್ಯಾಂಡ್ ಸಾಮಾನ್ಯವಾಗಿ 100–150 ಟನ್ ತನಕ ಕೈಹಿಡಿಯುತ್ತದೆ. 2025ರ ಜುಲೈನಲ್ಲಿ ಹಾರಿದ ನಾಸಾ–ಇಸ್ರೊ ಜಂಟಿ ಉಪಗ್ರಹ ನಿಸಾರ್‌ನಲ್ಲಿ ಎಲ್ ಮತ್ತು ಎಸ್ ಎರಡೂ ಇವೆ. 2025ರ ಏಪ್ರಿಲ್‌ನಲ್ಲಿ ಹಾರಿದ ಯುರೋಪಿನ ‘ಬಯೋಮಾಸ್’ ಉಪಗ್ರಹದ ಪಿ-ಬ್ಯಾಂಡ್ ಅಲೆ ಸುಮಾರು 70 ಸೆಂಟಿಮೀಟರ್. ದಪ್ಪ ಕೊಂಬೆ, ಕಾಂಡಗಳನ್ನೇ ಗುರಿಯಾಗಿಟ್ಟ ಮೊದಲ ಬಾಹ್ಯಾಕಾಶ ಪ್ರಯತ್ನ.

ಎತ್ತರಕ್ಕೆ ಲೇಸರ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಸಿರುವ ನಾಸಾದ ಲೇಸರ್ ಸಾಧನ ಜೆಡೈ ಸುಮಾರು 25 ಮೀಟರ್ ಅಗಲದ ವೃತ್ತಗಳಲ್ಲಿ, 60 ಮೀಟರಿಗೊಂದರಂತೆ ಕಾಡನ್ನು ತಟ್ಟುತ್ತ ಹೋಗುತ್ತದೆ. ನಿಲ್ದಾಣದ ಕಕ್ಷೆಯ ಕಾರಣ 51.6 ಡಿಗ್ರಿ ಅಕ್ಷಾಂಶದಾಚೆ ಅದಕ್ಕೆ ಕಣ್ಣಿಲ್ಲ. 2023ರ ಮಾರ್ಚ್‌ನಿಂದ ಸುಮಾರು ಒಂದು ವರ್ಷ ಅದನ್ನು ಕಳಚಿಟ್ಟಿದ್ದರಿಂದ ಆ ಅವಧಿಯ ದತ್ತಾಂಶವೂ ಇಲ್ಲ. ದತ್ತಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಗುಣಮಟ್ಟದ ಫ್ಲ್ಯಾಗ್ 1, ಡಿಗ್ರೇಡ್ ಫ್ಲ್ಯಾಗ್ 0 ಇರುವುದನ್ನಷ್ಟೇ ಉಳಿಸಿ. ದಟ್ಟ ಕಾಡಾದರೆ ಸೆನ್ಸಿಟಿವಿಟಿ (ನೆತ್ತಿ ತೂರಿ ನೆಲ ಕಾಣುವ ಸಾಮರ್ಥ್ಯ) 0.95ಕ್ಕಿಂತ ಮೇಲಿನದು, ಆದಷ್ಟೂ ರಾತ್ರಿಯ, ಪೂರ್ಣ ಶಕ್ತಿಯ ಕಿರಣಗಳು. ಇಳಿಜಾರಿನ ಕಾಟ ಇಲ್ಲೂ ತಪ್ಪದು: 20 ಡಿಗ್ರಿ ಇಳಿಜಾರಿನಲ್ಲಿ 25 ಮೀಟರ್ ವೃತ್ತದ ಮೇಲ್ಬದಿಗೂ ಕೆಳಬದಿಗೂ 9 ಮೀಟರ್ ವ್ಯತ್ಯಾಸ. ನೆಲದ ಪ್ರತಿಧ್ವನಿ ಅಷ್ಟಗಲಕ್ಕೆ ಹರಡಿ, ಪೊದೆಯ ಸಂಕೇತದೊಂದಿಗೆ ಕಲಸಿಹೋಗುತ್ತದೆ. ಬೋಳು ಗುಡ್ಡಕ್ಕೂ ಮರದ ಎತ್ತರ ಬರುವುದು ಹೀಗೆ.

ದತ್ತಾಂಶ ಸಿದ್ಧಮಾಡುವಾಗ ಬೀಳುವ ಹೊಂಡಗಳಲ್ಲಿ ಎರಡು ಮೂರನ್ನಾದರೂ ಹೇಳಲೇಬೇಕು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಖ್ಯೆಗಳಿಗೆ 1,000 ಕೂಡಿಸಿ ಕೊಡಲಾಗುತ್ತಿದೆ. ಅದನ್ನು ಕಳೆಯದೆ ಹಳೆಯ ಚಿತ್ರಗಳ ಪಕ್ಕ ಇಟ್ಟರೆ ಆ ದಿನದಿಂದ ಜಗತ್ತಿನ ಎಲ್ಲ ಕಾಡುಗಳ ಎನ್‌ಡಿವಿಐ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಗೂಗಲ್‌ನ ಅರ್ಥ್ ಎಂಜಿನ್‌ನಲ್ಲಾದರೆ ‘ಹಾರ್ಮೊನೈಸ್ಡ್’ ಎಂಬ ಹೆಸರಿನ ಸಂಗ್ರಹವನ್ನೇ ಆರಿಸಿ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್-2ರ ಮೇಲ್ಮೈ ಪ್ರತಿಫಲನಕ್ಕೆ 0.0000275ರಿಂದ ಗುಣಿಸಿ 0.2 ಕಳೆಯಬೇಕು. ಕಳೆಯುವುದನ್ನು ಮರೆತರೂ ಸೂಚ್ಯಂಕ ಬರುತ್ತದೆ, ತಪ್ಪಾಗಿ ಬರುತ್ತದೆ, ಯಾವ ಎಚ್ಚರಿಕೆಯೂ ಮೂಡದು.

ರೇಡಾರಿನ ಸರಾಸರಿಯನ್ನು ಡೆಸಿಬೆಲ್‌ನಲ್ಲಿ ತೆಗೆಯಬೇಡಿ. −6 ಮತ್ತು −12ರ ನೇರ ಸರಾಸರಿ −9. ಆದರೆ ಶಕ್ತಿಗೆ ಬದಲಿಸಿದರೆ 0.251 ಮತ್ತು 0.063, ಸರಾಸರಿ 0.157, ಮರಳಿ ಡೆಸಿಬೆಲ್‌ಗೆ ತಂದರೆ −8. ಒಂದು ಡೆಸಿಬೆಲ್ ಎಂದರೆ ಕಾಡಿನಲ್ಲಿ ಹತ್ತಾರು ಟನ್. ಮಳೆ ನಿಂತ ಮರುಗಳಿಗೆಯ ಚಿತ್ರಗಳನ್ನೂ ಕೈಬಿಡಿ. ಒದ್ದೆ ನೆತ್ತಿಯಿಂದ ರೇಡಾರ್ ಹೆಚ್ಚು ಹೊಳೆಯುತ್ತದೆ. ಎಲೆಯುದುರುವ ಕಾಡಿಗೆ ಪ್ರತಿ ವರ್ಷವೂ ಅದೇ ತಿಂಗಳುಗಳ ಚಿತ್ರ ಬಳಸಿ. ಇಲ್ಲವಾದರೆ ಎಲೆ ಉದುರಿದ್ದನ್ನು ಕಾಡು ಕಡಿದರೆಂದು ವರದಿ ಮಾಡಿಬಿಡುತ್ತೀರಿ.

ಮಾಡೆಲ್ ಕಟ್ಟುವಾಗ

ಪ್ಲಾಟಿನ ಸಂಖ್ಯೆ ಒಂದು ಕಡೆ, ಪಿಕ್ಸೆಲ್‌ಗಳ ಸರಾಸರಿ ಇನ್ನೊಂದು ಕಡೆ, ನಡುವೆ ಅವೆರಡರ ಸಂಬಂಧ ಕಲಿಯುವ ಕಂಪ್ಯೂಟರ್ ವಿಧಾನವಾದ ರ‍್ಯಾಂಡಮ್ ಫಾರೆಸ್ಟ್. ಇಷ್ಟು ಎಲ್ಲರೂ ಮಾಡುತ್ತಾರೆ. ಆದರೆ ರ‍್ಯಾಂಡಮ್ ಫಾರೆಸ್ಟ್‌ಗೆ ತಾನು ಕಂಡ ಗರಿಷ್ಠವನ್ನು ದಾಟಿ ಹೇಳಲು ಬಾರದು. ತರಬೇತಿಯಲ್ಲಿ 320 ಟನ್ ದೊಡ್ಡದಾಗಿದ್ದರೆ 450 ಟನ್ನಿನ ಕಾಡಿಗೂ 320ರೊಳಗೇ ಉತ್ತರ. ಜೊತೆಗೆ ಎಲ್ಲವನ್ನೂ ನಡುವಿಗೆ ಎಳೆಯುವ ಚಾಳಿ: ಬಡ ಕಾಡಿಗೆ ಹೆಚ್ಚು, ಸಿರಿವಂತ ಕಾಡಿಗೆ ಕಡಿಮೆ. ಅಳೆದದ್ದನ್ನೂ ಊಹಿಸಿದ್ದನ್ನೂ ಚುಕ್ಕಿಚಿತ್ರ ಹಾಕಿದರೆ ಇದು ಎದ್ದು ಕಾಣುತ್ತದೆ. ಸರಾಸರಿ ದೋಷ ಸೊನ್ನೆ ಎಂಬ ಒಂದೇ ಸಾಲು ಅದನ್ನು ಮುಚ್ಚಿಡುತ್ತದೆ.

ಪರೀಕ್ಷೆಯಲ್ಲಿ ನಡೆಯುವ ಮೋಸ ಇನ್ನೂ ನಯವಾದದ್ದು. ಪ್ಲಾಟುಗಳನ್ನು ಮನಬಂದಂತೆ ಎರಡು ಗುಂಪು ಮಾಡಿ ಒಂದರಿಂದ ಕಲಿಸಿ, ಇನ್ನೊಂದರಿಂದ ಪರೀಕ್ಷಿಸಿದರೆ, ಪರೀಕ್ಷೆಯ ಪ್ಲಾಟಿನ ಪಕ್ಕದ ಮನೆಯವನೇ ಕಲಿಕೆಯಲ್ಲಿರುತ್ತಾನೆ. ಉತ್ತರ ಪಿಸುಗುಟ್ಟಿದಂತೆ. ಮಧ್ಯ ಆಫ್ರಿಕಾದ ಕಾಡುಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾಮಾನ್ಯ ಪರೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಏರಿಳಿತವನ್ನು ವಿವರಿಸಿದ ಮಾಡೆಲ್, ದೂರದ ಪ್ರದೇಶದ ಪ್ಲಾಟುಗಳ ಮೇಲೆ ಪರೀಕ್ಷಿಸಿದಾಗ ಸೊನ್ನೆಯ ಹತ್ತಿರಕ್ಕೆ ಬಿತ್ತು. ಪ್ರದೇಶವನ್ನು ದೊಡ್ಡ ಚೌಕಗಳಾಗಿ ಕತ್ತರಿಸಿ, ಒಂದು ಚೌಕವನ್ನು ಇಡಿಯಾಗಿ ಹೊರಗಿಟ್ಟು ಪರೀಕ್ಷಿಸಿ. ಅಂಕ ಕಡಿಮೆ ಬರುತ್ತದೆ. ನಿಮ್ಮ ನಕ್ಷೆಯ ನಿಜವಾದ ಅಂಕ ಅದೇ.

ಕಾಡು ಎಷ್ಟು ಹೋಯಿತು: ಪಿಕ್ಸೆಲ್ ಎಣಿಸಬೇಡಿ

ಎರಡು ವರ್ಷಗಳ ನಕ್ಷೆಗಳನ್ನು ಕಳೆದು, ಬದಲಾದ ಪಿಕ್ಸೆಲ್‌ಗಳನ್ನು ಎಣಿಸಿ ವಿಸ್ತೀರ್ಣ ಹೇಳುವುದು ಬಲು ಜನಪ್ರಿಯ, ಬಲು ಅಪಾಯಕಾರಿ. ಅಂಕಿಗಳಲ್ಲೇ ನೋಡಿ. ಪ್ರದೇಶ 1,00,000 ಹೆಕ್ಟೇರ್. ನಕ್ಷೆಯ ಪ್ರಕಾರ 1,000 ಹೆಕ್ಟೇರ್ ಕಾಡು ನಾಶ. ನಾಶವೆಂದ ಭಾಗದಲ್ಲಿ 100 ಬಿಂದುಗಳನ್ನು ಹೆಚ್ಚು ಸ್ಪಷ್ಟತೆಯ ಚಿತ್ರದಲ್ಲಿ ಕಣ್ಣಾರೆ ನೋಡಿದಿರಿ, 80 ನಿಜ: 800 ಹೆಕ್ಟೇರ್. ಉಳಿದ 99,000 ಹೆಕ್ಟೇರಿನಲ್ಲಿ 200 ಬಿಂದು ನೋಡಿದಿರಿ, ಎರಡರಲ್ಲಿ ಮಾತ್ರ ನಕ್ಷೆಗೆ ಕಾಣದ ನಾಶ ಸಿಕ್ಕಿತು. ಬರೀ ಶೇ 1. ಆದರೆ 99,000ದ ಶೇ 1 ಎಂದರೆ 990 ಹೆಕ್ಟೇರ್. ಒಟ್ಟು ಅಂದಾಜು 1,790, ನಕ್ಷೆ ಹೇಳಿದ್ದರ ಹತ್ತಿರ ಹತ್ತಿರ ಎರಡು ಪಟ್ಟು.

ಇಲ್ಲಿಗೇ ನಿಲ್ಲಬೇಡಿ. ಆ 990 ನಿಂತಿರುವುದು ಎರಡೇ ಬಿಂದುಗಳ ಮೇಲೆ. ಲೆಕ್ಕ ಹಾಕಿದರೆ ಒಟ್ಟು ಅಂದಾಜಿನ ಆಚೀಚೆ ಸುಮಾರು 1,370 ಹೆಕ್ಟೇರಿನ ಅನಿಶ್ಚಿತತೆ. ಪರಿಹಾರವೆಂದರೆ ನಾಶವೆಂದು ಗುರುತಿಸಿದ ತುಂಡುಗಳ ಸುತ್ತ ಒಂದೆರಡು ಪಿಕ್ಸೆಲ್ ಅಗಲದ ಅಂಚುಪಟ್ಟಿಯನ್ನು ಬೇರೆಯೇ ಪದರವಾಗಿ ಮಾಡಿ ಅಲ್ಲಿ ಬಿಂದುಗಳನ್ನು ಹೆಚ್ಚಿಸುವುದು. ತಪ್ಪಿಹೋದ ನಾಶ ಬಹುಪಾಲು ಅಡಗಿರುವುದು ಆ ಅಂಚಿನಲ್ಲೇ. ದೂರದ ಅಖಂಡ ಕಾಡಿನಲ್ಲಿ ಒಂದೇ ಒಂದು ತಪ್ಪು ಬಿಂದು ಸಿಕ್ಕರೂ ಅದರ ತೂಕ ದೊಡ್ಡದು. ಅಂಥದ್ದನ್ನು ಇಬ್ಬರು ಬೇರೆಬೇರೆಯಾಗಿ ನೋಡಲಿ.

ನಾಶದ ಸಮಯ ಬೇಕಾದರೆ ಎರಡು ವರ್ಷಗಳ ಹೋಲಿಕೆ ಸಾಲದು. ಲ್ಯಾಂಡ್‌ಸ್ಯಾಟ್‌ನ ಇಡೀ ಸಾಲಿನ ಮೇಲೆ, ಬದಲಾವಣೆಯ ಸಮಯ ಹುಡುಕುವ ಪ್ರೋಗ್ರಾಂಗಳಾದ ಲ್ಯಾಂಡ್‌ಟ್ರೆಂಡರ್ ಅಥವಾ ಸಿಸಿಡಿಸಿ ಓಡಿಸಿ. ಸೂಚ್ಯಂಕವಾಗಿ ಎನ್‌ಡಿವಿಐಗಿಂತ ಶಾರ್ಟ್‌ವೇವ್ ಇನ್‌ಫ್ರಾರೆಡ್ ಬಳಸುವ ಎನ್‌ಬಿಆರ್ ವಾಸಿ. ಕಡಿದ ಜಾಗ ಒಂದೇ ಮಳೆಗಾಲದಲ್ಲಿ ಕಳೆಯಿಂದ ಹಸಿರಾದರೂ ಶಾರ್ಟ್‌ವೇವ್ ಇನ್‌ಫ್ರಾರೆಡ್ ಅಷ್ಟು ಬೇಗ ಮರೆಯುವುದಿಲ್ಲ.

ಹರಿವು

ಇಂಗಾಲದ ಚಕ್ರ ಅರ್ಥವಾಗುವುದು ಇಲ್ಲಿ. ಮರುಅಳತೆಯ ಪ್ಲಾಟುಗಳಿಂದ ಮೂರು ಸಂಖ್ಯೆ ಬರುತ್ತವೆ: ಉಳಿದ ಮರಗಳು ಬೆಳೆದದ್ದು, ವ್ಯಾಸ 10 ಸೆಂಟಿಮೀಟರ್ ದಾಟಿ ಹೊಸದಾಗಿ ಲೆಕ್ಕಕ್ಕೆ ಬಂದದ್ದು, ಸತ್ತದ್ದು. ಮೂರನ್ನೂ ಪ್ರತ್ಯೇಕವಾಗಿಯೇ ಇಡಿ. ನಿವ್ವಳ ಬದಲಾವಣೆ ಸೊನ್ನೆ ಎಂದರೆ ಕಾಡು ಸುಮ್ಮನಿದೆ ಎಂದೂ ಆಗಬಹುದು, ಬೆಳವಣಿಗೆಯೂ ಸಾವೂ ಎರಡೂ ಜೋರಾಗಿ ನಡೆದು ಸರಿದೂಗಿವೆ ಎಂದೂ ಆಗಬಹುದು.

ತರಗೆಲೆಗೆ 50 × 50 ಸೆಂಟಿಮೀಟರಿನ ಬಲೆಬುಟ್ಟಿಗಳನ್ನು ನೆಲದಿಂದ ಒಂದು ಮೀಟರ್ ಮೇಲೆ ಕಟ್ಟಿ, ಎರಡು ವಾರಕ್ಕೊಮ್ಮೆ ಬರಿದು ಮಾಡಿ, 65–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವ ತನಕ ಒಣಗಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಎಲೆ ಬುಟ್ಟಿಯಲ್ಲೇ ಕೊಳೆತು ತೂಕ ಕಳೆದುಕೊಳ್ಳುತ್ತದೆ.

ಮಣ್ಣಿನ ಉಸಿರಾಟಕ್ಕೆ ಕೊಳವೆ ಉಂಗುರವನ್ನು ಕನಿಷ್ಠ ಒಂದು ದಿನ ಮೊದಲೇ ಎರಡು ಮೂರು ಸೆಂಟಿಮೀಟರ್ ಒಳಕ್ಕೆ ಊರಿಡಿ. ಊರಿದೊಡನೆ ಅಳೆದರೆ ಕಲಕಿದ ಮಣ್ಣಿನಿಂದ ಹೊಮ್ಮಿದ ಗಾಳಿ ಉಸಿರಾಟದ ಲೆಕ್ಕಕ್ಕೆ ಸೇರುತ್ತದೆ. ಸೆಕೆಂಡಿಗೆ ಚದರ ಮೀಟರಿಗೆ 1 ಮೈಕ್ರೋಮೋಲ್ ಡೈಆಕ್ಸೈಡ್ ಎಂದರೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 3.8 ಟನ್ ಇಂಗಾಲ. ಈ ಗುಣಕ ತಲೆಯಲ್ಲಿದ್ದರೆ ತಪ್ಪು ರೀಡಿಂಗ್ ಕಾಡಿನಲ್ಲೇ ಸಿಕ್ಕಿಬೀಳುತ್ತದೆ. ಇದರಲ್ಲಿ ಬೇರಿನ ಉಸಿರೂ ಸೂಕ್ಷ್ಮಜೀವಿಗಳ ಉಸಿರೂ ಬೆರೆತಿವೆ. ಬೇರ್ಪಡಿಸಲು ಸುತ್ತ ಕಂದಕ ತೋಡಿ ಬೇರು ಕತ್ತರಿಸುವುದುಂಟು. ಆದರೆ ಮೊದಲ ಕೆಲವು ತಿಂಗಳು ಕತ್ತರಿಸಿದ ಬೇರುಗಳೇ ಕೊಳೆತು ಗಾಳಿ ಬಿಡುತ್ತವೆ. ಆ ಅವಧಿಯ ಅಳತೆಯನ್ನು ಲೆಕ್ಕಕ್ಕೆ ತರಬೇಡಿ.

ಎಡ್ಡಿ ಕೋವೇರಿಯನ್ಸ್ ಗೋಪುರ ಸೆಕೆಂಡಿಗೆ 10–20 ಸಲ ಗಾಳಿಯ ಏರಿಳಿತವನ್ನೂ ಡೈಆಕ್ಸೈಡ್ ಪ್ರಮಾಣವನ್ನೂ ಅಳೆದು ಅರ್ಧ ಗಂಟೆಗೊಂದು ನಿವ್ವಳ ಹರಿವು ಕೊಡುತ್ತದೆ. ಗಾಳಿ ನಿಂತ ರಾತ್ರಿಗಳಲ್ಲಿ ಕಾಡು ಬಿಟ್ಟ ಉಸಿರು ಗೋಪುರದ ತುದಿ ತಲುಪದೆ ನೆತ್ತಿಯ ಕೆಳಗೇ ತಂಗುತ್ತದೆ, ಇಳಿಜಾರಿದ್ದರೆ ಪಕ್ಕಕ್ಕೆ ಹರಿದುಹೋಗುತ್ತದೆ. ಘರ್ಷಣಾ ವೇಗ (ಗಾಳಿಯ ಕಲಕಾಟದ ಅಳತೆ) ಒಂದು ಮಿತಿಗಿಂತ ಕಡಿಮೆಯಿರುವ ರಾತ್ರಿಗಳನ್ನು ತೆಗೆದುಹಾಕದಿದ್ದರೆ ಕಾಡು ಇರುವುದಕ್ಕಿಂತ ದೊಡ್ಡ ಇಂಗಾಲ ಹೀರುವ ಯಂತ್ರದಂತೆ ಕಾಣುತ್ತದೆ. ಮಿತಿಯನ್ನು ಪ್ರತಿ ತಾಣಕ್ಕೂ ಅದರದೇ ದತ್ತಾಂಶದಿಂದ ಕಂಡುಕೊಳ್ಳಬೇಕು, ಎರವಲು ತರುವಂಥದ್ದಲ್ಲ.

ನಾಸಾದ ಉಪಗ್ರಹ ಸೆನ್ಸರ್ ಮೋಡಿಸ್‌ನ 500 ಮೀಟರ್, 8 ದಿನಗಳ ಉತ್ಪಾದನೆಯ (ದ್ಯುತಿಸಂಶ್ಲೇಷಣೆಯಿಂದ ಹೀರಿದ ಇಂಗಾಲದ) ದತ್ತಾಂಶವನ್ನು ಗೋಪುರದ ಜೊತೆ ತಾಳೆ ನೋಡುವಾಗ ನೆನಪಿಡಬೇಕಾದ್ದು: ಮೋಡಿಸ್ ಕೊಡುವುದು ಅಳತೆಯಲ್ಲ. ಬಿದ್ದ ಬೆಳಕು, ಎಲೆ ಹೀರಿದ ಪಾಲು, ಬೆಳಕಿನ ಬಳಕೆಯ ದಕ್ಷತೆ, ಈ ಮೂರರ ಗುಣಲಬ್ಧ. ದಕ್ಷತೆಯನ್ನು ಕಾಡಿನ ಬಗೆಗೊಂದು ಕೋಷ್ಟಕದಿಂದ ಎತ್ತಿಕೊಳ್ಳಲಾಗುತ್ತದೆ, ಮತ್ತು ಬರದ ಒತ್ತಡವನ್ನು ಅದು ಗಾಳಿಯ ಒಣತನದಿಂದಲೇ ಊಹಿಸುತ್ತದೆ. ಆಳಕ್ಕೆ ಬೇರು ಬಿಟ್ಟ ಕಾಡು ಬೇಸಿಗೆಯಲ್ಲೂ ನೀರೆಳೆದುಕೊಂಡು ಕೆಲಸ ನಡೆಸುತ್ತಿದ್ದರೆ ಅದಕ್ಕೆ ಗೊತ್ತಾಗದು.

ಅನಿಶ್ಚಿತತೆ ಬರೆಯುವ ಹೊತ್ತಿಗೆ ಮಾಂಟೆ ಕಾರ್ಲೊ ವಿಧಾನವೇ ಸರಳ. ಪ್ರತಿ ಮರದ ವ್ಯಾಸ, ಎತ್ತರ, ಸಾಂದ್ರತೆ, ಸೂತ್ರದ ಗುಣಕಗಳನ್ನು ಅವುಗಳ ದೋಷದ ಮಿತಿಯೊಳಗೆ ಅಲುಗಾಡಿಸಿ, ಪ್ಲಾಟಿನಿಂದ ನಕ್ಷೆಯವರೆಗೆ ಇಡೀ ಸರಪಳಿಯನ್ನು ಸಾವಿರ ಸಲ ಓಡಿಸಿ, ನಡುವಿನ ಶೇ 95ರ ವ್ಯಾಪ್ತಿ ತೆಗೆಯಿರಿ. ಒಂದು ಸೂಕ್ಷ್ಮ ಉಂಟು. ಸೂತ್ರದ ಗುಣಕಗಳನ್ನು ಪ್ರತಿ ಸುತ್ತಿಗೆ ಒಮ್ಮೆ ಮಾತ್ರ ಬದಲಿಸಿ ಎಲ್ಲ ಮರಗಳಿಗೂ ಅದನ್ನೇ ಹಚ್ಚಬೇಕು. ಮರಕ್ಕೊಂದು ಗುಣಕ ಹಾಕಿದರೆ ದೋಷಗಳು ಒಂದನ್ನೊಂದು ಹೊಡೆದುಹಾಕಿ, ಕಾಡಿನ ಮಟ್ಟದಲ್ಲಿ ಅನಿಶ್ಚಿತತೆ ಮಾಯವಾದಂತೆ ತೋರುತ್ತದೆ. ಸೂತ್ರವೇ ಓರೆಯಾಗಿದ್ದರೆ ಅದು ಎಲ್ಲ ಮರಗಳಿಗೂ ಒಂದೇ ಕಡೆಗೆ ಓರೆ.